ಕ್ಲೈಡ್ ದಡದ ಗಿರಣಿಯೂರು

ಸೊಲ್ಲಾಪುರದ ಗಿರಣಿಗಳ ಭೋಂಗಾ ಕೇಳಿ ಬೆಳೆದ ನಮ್ಮಂಥವರಿಗೆ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ತೀರ ಪರಕೀಯವೆನಿಸದು. ಕ್ಲೈಡ್ ನದಿಯು ಜಲಪಾತಗಳಾಗಿ ಧುಮುಕಿ ಬರುವ ಕಣಿವೆಯಲ್ಲಿ ಡೇವಿಡ್ ಡೇಲನು 1785ರಲ್ಲಿ ಈ ಹತ್ತಿಗಿರಣಿಯ ಊರನ್ನು ಕಟ್ಟಲಾರಂಭಿಸಿದನು. ನದಿಯ ನೀರನ್ನು ಸುರಂಗದ ಮೂಲಕ ಕಾಲುವೆಗೆ ತಂದು ಯಂತ್ರದ ಚಕ್ರಗಳನ್ನು ತಿರುಗಿಸಿದರು. ಆದುದರಿಂದಲೇ ಮರಳುಗಲ್ಲಿನ ಎತ್ತರದ ಗಿರಣಿಗಳು ನೀರಿನಂಚಿಗೆ ಸಾಲಾಗಿ ನಿಂತಿವೆ. ಕೆಲಸಗಾರರ ಮನೆಗಳು ಹಿಂದಿನ ಇಳಿಜಾರಿನಲ್ಲಿವೆ. ಅಲಂಕಾರ ಕಡಮೆ, ಕಿಟಕಿಗಳು ಅನೇಕ. ನೂಲುವವರಿಗೆ ಹಗಲ ಬೆಳಕು ಬೇಕಾಗಿತ್ತು.

ಆ ಬೆಳಕಿನಲ್ಲಿ ದುಡಿದವರಲ್ಲಿ ಮಕ್ಕಳೇ ಬಹಳ. ದಿಕ್ಕಿಲ್ಲದ ಎಳೆಯರನ್ನು ಎಡಿನ್‌ಬರೋ, ಗ್ಲಾಸ್ಗೋಗಳಿಂದ ತರುತ್ತಿದ್ದರು. ಹಗಲೆಲ್ಲ ದುಡಿದು ರಾತ್ರಿ ಪಾಠ. ತೂಕಡಿಸುವ ಮಗುವಿಗೆ ಅಕ್ಷರ ಹತ್ತುವುದೆಂತು? 1800ರಲ್ಲಿ ಆಡಳಿತ ವಹಿಸಿಕೊಂಡ ಡೇಲನ ಅಳಿಯ ರಾಬರ್ಟ್ ಓವೆನ್ ಹತ್ತು ವರ್ಷದೊಳಗಿನವರನ್ನು ಗಿರಣಿಯಿಂದ ಬಿಡಿಸಿದನು. 1816ರ ಜನವರಿ 1ರಂದು ಶಿಕ್ಷಣಮಂದಿರವನ್ನು ತೆರೆದನು. ಆಗತಾನೆ ನಡೆಯಲು ಕಲಿತ ಕೂಸುಗಳಿಗೂ ಅಲ್ಲಿ ಎಡೆಯಿತ್ತು. ಹಾಡು, ಕುಣಿತ, ಚಿತ್ರಪಟಗಳಿದ್ದವು, ಹೊಡೆತವಿರಲಿಲ್ಲ. ಬೆತ್ತವನ್ನು ಮೇಜಿನ ಮೇಲಿರಿಸಿಕೊಂಡೇ ವೃತ್ತಿ ಆರಂಭಿಸಿದ ನಾನು ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಆದರೆ ಓವೆನನನ್ನು ಪೂರ್ತಿ ಹೊಗಳಲಾರೆ. ಗಿರಣಿಯಲ್ಲಿ ಪ್ರತಿ ಕೆಲಸಗಾರನ ಬಳಿ ನಾಲ್ಕು ಬಣ್ಣದ ಮರದ ತುಂಡೊಂದು ತೂಗುತ್ತಿತ್ತು. ಹಿಂದಿನ ದಿನದ ನಡತೆ ಕೆಟ್ಟದ್ದಾದರೆ ಅದರ ಕಪ್ಪು ಮುಖವನ್ನು ಎಲ್ಲರಿಗೂ ಕಾಣುವಂತೆ ತಿರುಗಿಸುತ್ತಿದ್ದರು. ಅದೂ ಬೆತ್ತವೇ ಅಲ್ಲವೆ?

1968ರಲ್ಲಿ ಗಿರಣಿ ನಿಂತಿತು. ಪಾಳು ಬೀಳುತ್ತಿದ್ದ ಊರನ್ನು ಸಂರಕ್ಷಣಾ ನ್ಯಾಸವೊಂದು 1970ರ ದಶಕದಿಂದ ಜೀರ್ಣೋದ್ಧಾರಗೊಳಿಸಿತು. 2001ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಒಂದು ಗಿರಣಿ ಈಗ ಹೋಟೆಲು. ಕೆಲಸಗಾರರ ಸಾಲುಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ.