ಅಕ್ಕಿಆಲೂರಿನಾಚೆಯ ಟಿಬೆಟ್

ಹೆಸರಿನಲ್ಲೇ ಅಕ್ಕಿಯನ್ನು ಕಟ್ಟಿಕೊಂಡಿರುವ ಊರು ಅಕ್ಕಿಆಲೂರು. ಹಾವೇರಿ ಜಿಲ್ಲೆ ಹಾನಗಲ್ಲ ತಾಲೂಕಿನ ಈ ಊರು ಅತ್ತ ಮಲೆನಾಡೂ ಅಲ್ಲದ, ಇತ್ತ ಬಯಲುಸೀಮೆಯೂ ಅಲ್ಲದ ಸೆರಗಿನಲ್ಲಿದೆ. ಮಳೆಯ ಲಕ್ಷಣ ನೋಡಿ ಕೂರಿಗೆಯಲ್ಲಿ ಭತ್ತ ಬಿತ್ತುವುದು ಈ ಭಾಗದ ಹಳೆಯ ಪದ್ಧತಿ. ಈಗ ಗೋವಿನಜೋಳ ಆ ಜಾಗವನ್ನು ಬಹಳಷ್ಟು ನುಂಗಿದೆ. ದೀಪಾವಳಿಯ ಹೋರಿ ಹಬ್ಬ ಬಂತೆಂದರೆ ಸುತ್ತಲ ಹುಡುಗರಿಗೆ ಊಟ, ನಿದ್ದೆ ಎರಡೂ ಬೇಡ. ಹಬ್ಬ ಮುಗಿದ ಮೇಲೆ ಅವರಲ್ಲೇ ಹಲವರು ಮಂಗಳೂರು, ಗೋವಾ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ದುಡಿಮೆಗಾಗಿ ಊರು ಬಿಡುವುದು ಈ ಸೀಮೆಗೆ ಹೊಸದಲ್ಲ.

ಇದೇ ಸೀಮೆಗೆ ಹೊರಗಿನಿಂದ ಬಂದು ಊರು ಕಟ್ಟಿದವರೂ ಇದ್ದಾರೆ. ಹಾನಗಲ್ಲ ದಾಟಿ ವಾಯವ್ಯಕ್ಕೆ ಸಾಗಿದರೆ ತಾಲೂಕಿನ ಗಡಿಯಾಚೆ ಉತ್ತರ ಕನ್ನಡದ ಮುಂಡಗೋಡ. ಅಲ್ಲಿಯ ಟಿಬೆಟನ್ ನೆಲೆಗೆ ದೋಗುಲಿಂಗ್ ಎಂಬ ಹೆಸರಿದ್ದರೂ ಜನರ ಬಾಯಲ್ಲಿ ಅದು ಇಂದಿಗೂ ‘ಟಿಬೆಟ್ ಕ್ಯಾಂಪ್’. ಮೂರನೆಯ ತಲೆಮಾರು ಅಲ್ಲೇ ಹುಟ್ಟಿ ಬೆಳೆದರೂ ಕ್ಯಾಂಪ್ ಎಂಬ ಹೆಸರು ಅಳಿಸಿಲ್ಲ.

ಈ ಜನ ನೇರವಾಗಿ ಇಲ್ಲಿಗೆ ಬಂದವರಲ್ಲ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಹಿಮಾಲಯ ದಾಟಿದವರು ಮೊದಲು ಅಸ್ಸಾಂ, ಬಂಗಾಳದ ಶಿಬಿರಗಳಲ್ಲಿ ಉಳಿದರು. ಅನೇಕರು ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಹೋದರು. ಸನ್ಯಾಸಿಗಳನ್ನು ಇರಿಸಿದ್ದು ಬಂಗಾಳದ ಬಕ್ಸಾದಲ್ಲಿ. ಅದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಹಳೆಯ ಬಂದೀಖಾನೆ. ತೇವದ ಹವೆಯಲ್ಲಿ ಕ್ಷಯ ಹಬ್ಬಿ ಸನ್ಯಾಸಿಗಳು ಕಂಗೆಟ್ಟರು. ಬೈಲಕುಪ್ಪೆಯ ನೆಲೆ ಆಗಲೇ ಏಳತೊಡಗಿತ್ತು. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮೈಸೂರು ರಾಜ್ಯವು ಮುಂಡಗೋಡಿನ ಬಳಿ ಸುಮಾರು 4,000 ಎಕರೆ ಅರಣ್ಯ ಭೂಮಿಯನ್ನು ಬಿಟ್ಟುಕೊಟ್ಟಿತು. 1970ರ ಸುಮಾರಿಗೆ ಡ್ರೆಪುಂಗ್ ಮತ್ತು ಗಾಡೆನ್ ಮಠಗಳು ಬಕ್ಸಾದಿಂದ ಇಲ್ಲಿಗೆ ಬಂದು ಮತ್ತೆ ತಲೆಯೆತ್ತಿದವು. ಹಿಮದ ನಾಡಿನವರು ಕಾಡು ಕಡಿದು ಗೋವಿನಜೋಳ ಬೆಳೆಯಲು ಕಲಿತರು.

ಮೊದಲು ಎಲ್ಲಿ ಇಳಿಯಬೇಕೆಂಬುದನ್ನು ಸರಕಾರಗಳು ಹೇಳಬಹುದು. ಎರಡನೆಯ ಬಾರಿ ಎಲ್ಲಿಗೆ ಹೋಗಬೇಕೆಂಬುದನ್ನು ಜನರೇ ತೀರ್ಮಾನಿಸುತ್ತಾರೆ. ಅಮೆರಿಕ ಇದನ್ನು ಚೆನ್ನಾಗಿ ಕಂಡಿದೆ. 1990ರ ವಲಸೆ ಕಾಯಿದೆಯಡಿ ಭಾರತ, ನೇಪಾಳಗಳಲ್ಲಿದ್ದ 1,000 ಟಿಬೆಟನ್ನರಿಗೆ ಅದು ವೀಸಾ ಕೊಟ್ಟಿತು. ಬಂದವರನ್ನು ಒಂದೇ ಕಡೆ ಗುಂಪುಗೂಡಿಸದೆ ಹಲವು ರಾಜ್ಯಗಳ ಊರುಗಳಿಗೆ ಹಂಚಲಾಯಿತು. ಕೆಲವೇ ವರ್ಷಗಳಲ್ಲಿ ಎಷ್ಟೋ ಮಂದಿ ಆ ಊರುಗಳನ್ನು ಬಿಟ್ಟು ನ್ಯೂಯಾರ್ಕ್, ಮಿನೆಸೋಟಾ ಕಡೆ ನಡೆದರು. ಕೆಲಸ ಹುಡುಕಿಕೊಡುವ ಬಂಧು, ಪ್ರಾರ್ಥನೆಗೆ ಜಾಗ, ಮಗುವಿನೊಡನೆ ತಾಯ್ನುಡಿ ಆಡುವ ನೆರೆಮನೆ ಅಲ್ಲಿದ್ದವು. ಮಂಗಳೂರಿನಲ್ಲಿ ಯಾವ ಗುತ್ತಿಗೆದಾರನ ಬಳಿ ಕೆಲಸವಿದೆಯೆಂದು ಊರಿನ ಹುಡುಗನನ್ನೇ ಕೇಳಿ ಹೊರಡುವ ಹಾನಗಲ್ಲ ಸೀಮೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂಡಗೋಡ ಜನರನ್ನು ಇಷ್ಟು ಕಾಲ ಹಿಡಿದಿಟ್ಟದ್ದೂ ಅದರಿಂದಲೇ. ಹೊಲ, ಮಠ, ಶಾಲೆ ಒಂದೇ ಕಡೆ ಇದ್ದವು. ಭಾರತ ಸರಕಾರ 1961ರಲ್ಲಿ ಟಿಬೆಟನ್ ಶಾಲೆಗಳಿಗೆಂದೇ ಪ್ರತ್ಯೇಕ ಆಡಳಿತ ರಚಿಸಿತ್ತು. ವಿಚಿತ್ರವೆಂದರೆ ಹಿಡಿತ ಸಡಿಲಿಸಿದ್ದೂ ಶಾಲೆಯೇ. ಇಂಗ್ಲಿಷು ಕಲಿತ ಮಗನಿಗೆ, ನರ್ಸಿಂಗ್ ಓದಿದ ಮಗಳಿಗೆ ನಾಲ್ಕೆಕರೆ ಗೋವಿನಜೋಳದಲ್ಲಿ ಏನು ಕೆಲಸ? ಮಳೆ ನಂಬಿದ ಹೊಲ ಸಾಲದೆಂದೇ ಹಿರಿಯರು ಚಳಿಗಾಲದಲ್ಲಿ ಲೂಧಿಯಾನದ ಸ್ವೆಟರು ಹೊತ್ತು ಊರೂರಿಗೆ ಹೋಗುತ್ತಿದ್ದುದು. ಮಕ್ಕಳು ಬೆಂಗಳೂರು, ದೆಹಲಿಗೆ ಹೋದರು. ಅಲ್ಲಿಂದ ಕೆಲವರು ಕೆನಡಾ, ಫ್ರಾನ್ಸಿಗೂ ಹಾರಿದರು.

ಕಾಗದಪತ್ರದ ತೊಡಕೂ ಸಣ್ಣದಲ್ಲ. ನಿರಾಶ್ರಿತರ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ಭೂಮಿಯೂ ಅವರ ಸ್ವಂತದ್ದಲ್ಲ. 2014ರ ಪುನರ್ವಸತಿ ನೀತಿ ಹೇಳಿದ್ದು ಗುತ್ತಿಗೆಯ ಮಾತನ್ನೇ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನಂತೆ ಪೌರರು. ದೆಹಲಿ ಹೈಕೋರ್ಟು 2010ರಲ್ಲಿ, ಕರ್ನಾಟಕ ಹೈಕೋರ್ಟು 2013ರಲ್ಲಿ ಇದನ್ನು ಟಿಬೆಟನ್ನರ ವಿಷಯದಲ್ಲೂ ಎತ್ತಿಹಿಡಿದವು. ಆದರೂ ಅರ್ಹರೆಲ್ಲ ಪೌರತ್ವ ಕೇಳಲಿಲ್ಲ. ಕೇಳಿದರೆ ತಾಯ್ನಾಡಿನ ಹಕ್ಕು ಬಿಟ್ಟಂತಾಗುತ್ತದೆಂಬ ಅಳುಕು ಹಿರಿಯರದು. ಅಳುಕು ಅವರದು, ನೌಕರಿ ಹುಡುಕಬೇಕಾದವರು ಮೊಮ್ಮಕ್ಕಳು!

2009ರಲ್ಲಿ ಟಿಬೆಟನ್ ಆಡಳಿತ ನಡೆಸಿದ ಗಣತಿಯಲ್ಲಿ ಭಾರತದಲ್ಲಿದ್ದವರು 94,203. ಮುಂದಿನ ದಶಕದ ಕೊನೆಗೆ ಕೇಂದ್ರ ಗೃಹ ಸಚಿವಾಲಯದ ವರದಿಗಳಲ್ಲಿ ಸಂಖ್ಯೆ ಎಪ್ಪತ್ತು ಸಾವಿರದ ಆಸುಪಾಸಿಗೆ ಬಂದಿತ್ತು. ಎಣಿಸಿದವರು ಬೇರೆ, ಆದ್ದರಿಂದ ಕಳೆದು ಲೆಕ್ಕ ಹಾಕುವುದು ಸರಿಯಲ್ಲ. ಇಳಿಮುಖವಂತೂ ನಿಜ. ಅದರಲ್ಲಿ ಅತಿ ಹೆಚ್ಚು, ಅಂದರೆ ಸುಮಾರು 21 ಸಾವಿರ ಮಂದಿ ಇದ್ದದ್ದು ಕರ್ನಾಟಕದಲ್ಲೇ. 2008ಕ್ಕೆ ಮೊದಲು ವರ್ಷಕ್ಕೆ ಎರಡು ಮೂರು ಸಾವಿರದಂತೆ ಟಿಬೆಟ್ಟಿನಿಂದ ಬರುತ್ತಿದ್ದ ಹೊಸಬರೂ ಚೀನಾದ ಗಡಿ ಬಿಗಿಯಾದ ಮೇಲೆ ಬೆರಳೆಣಿಕೆಗೆ ಇಳಿದರು.

ಮುಂಡಗೋಡಿನ ಮಠಗಳಲ್ಲಿ ಈಗ ಲಡಾಖ್, ಅರುಣಾಚಲ, ನೇಪಾಳದ ಹುಡುಗರೂ ಪಾಠಕ್ಕೆ ಕೂರುತ್ತಾರೆ. ಮಕ್ಕಳು ದೂರ ಸೇರಿದ ಮನೆಗಳಲ್ಲಿ ಅಜ್ಜ ಅಜ್ಜಿ ಜಪಮಣಿ ಎಣಿಸುತ್ತಾರೆ. ಲಾವಣಿಗೆ ಬಿಟ್ಟ ಅವರ ಹೊಲದಲ್ಲಿ ಗೋವಿನಜೋಳ ಬಿತ್ತುವವರು ಸುತ್ತಲ ಹಳ್ಳಿಗಳ ಕನ್ನಡ ರೈತರು.