ರಾಣಿ ರೂಪಾಯಿ

ನಮ್ಮ ಕಡೆಯ ಹಿಂದಿನ ಹೆಂಗಸರು ವಿಕ್ಟೋರಿಯಾ ಮುಖದ ಬೆಳ್ಳಿ ನಾಣ್ಯಕ್ಕೆ ‘ರಾಣಿ ರೂಪಾಯಿ’ ಅನ್ನುತ್ತಿದ್ದರು. ಖಾನಾಪುರದಲ್ಲಿದ್ದ ನನ್ನ ಅಜ್ಜಿಯ ಹತ್ತಿರ ಅಂಥವು ಏಳಿದ್ದವು. ಹಳೆಯ ಇಳಕಲ್ಲ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಅಕ್ಕಿಯ ಗಡಿಗೆಯ ತಳದಲ್ಲಿ ಇಟ್ಟಿರುತ್ತಿದ್ದಳು. ವರ್ಷಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಅವು ಹೊರಗೆ ಬರುತ್ತಿದ್ದವು. ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ಮೊಮ್ಮಕ್ಕಳದು. ಕೆಲವದರ ಮೇಲೆ ‘ಕ್ವೀನ್’ ಎಂದಿತ್ತು. 1877ರಿಂದ ಈಚಿನವುಗಳ ಮೇಲೆ ‘ಎಂಪ್ರೆಸ್’. ಓದು ಬಾರದ ಅಜ್ಜಿಗೆ ಎರಡೂ ಒಂದೇ. “ಈಕೀನೂ ಹೆಣ್ಣ ಅಲ್ಲೇನ? ಇಡೀ ದೇಶದ ರೊಕ್ಕದ ಮ್ಯಾಲೆ ಹೆಂಗ ಕುಂತಾಳ ನೋಡು” ಎಂದು ನಗುತ್ತಿದ್ದಳು.

ನಗುವ ಮಾತೇ ಹೌದು. ರೊಕ್ಕದ ಮೇಲೆ ಹೆಣ್ಣು ಕುಳಿತಿದ್ದ ಆ ಕಾಲದಲ್ಲಿ ರೊಕ್ಕದ ಒಡೆತನ ಹೆಣ್ಣಿಗೆ ಎಷ್ಟಿತ್ತು? 1937ರ ಕಾಯ್ದೆ ವಿಧವೆಗೆ ಗಂಡನ ಪಾಲು ಕೊಟ್ಟಿತು. ಆದರೆ ಅದು ಬದುಕಿರುವ ತನಕ ಅನುಭವಿಸಲು ಮಾತ್ರ, ತನ್ನ ಇಚ್ಛೆಯಂತೆ ಮಾರಲು ಅಲ್ಲ. ಪೂರ್ಣ ಒಡೆತನ ಸಿಕ್ಕಿದ್ದು 1956ರಲ್ಲಿ. ಅಲ್ಲಿಯ ತನಕ ಹೆಣ್ಣಿನ ಬ್ಯಾಂಕು ಎಂದರೆ ಕೊರಳು. ಪುತಳಿ ಸರ, ಬೋರಮಳ ಸರ ಇವೆಲ್ಲ ಬರೀ ಶೃಂಗಾರಕ್ಕೆ ಅಂದವರು ಯಾರು? ಕಷ್ಟ ಬಂದಾಗ ಒಂದೊಂದೇ ಪುತಳಿ ಕಳಚಿ ಅಕ್ಕಸಾಲಿಗನ ತಕ್ಕಡಿಗೆ ಹಾಕಿದವರನ್ನು ನಾವೆಲ್ಲ ಕಂಡಿದ್ದೇವೆ.

ಖಾನಾಪುರ ತಾಲೂಕಿನ ಹಲಸಿ, ಗೋವೆಯ ಕದಂಬರ ಎರಡನೆಯ ರಾಜಧಾನಿ. ಆ ಮನೆತನದ ಬಂಗಾರದ ನಾಣ್ಯಗಳ ಮೇಲೆ ಸಿಂಹ, ಜೊತೆಗೆ ರಾಜನ ಹೆಸರು. 12ನೆಯ ಶತಮಾನದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಿತ್ತೂರಿನ ಹತ್ತಿರದ ದೇಗಾವಿಯಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದಳು. ಗಂಡನ ಹೆಸರು ಬಂಗಾರದ ಮೇಲೆ, ಹೆಂಡತಿಯ ಹೆಸರು ಕಲ್ಲಿನ ಮೇಲೆ ಉಳಿಯಿತು. ಬಂಗಾರವನ್ನು ಕರಗಿಸಿದವರುಂಟು, ಕಲ್ಲು ಇನ್ನೂ ನಿಂತಿದೆ.

ಸ್ವತಂತ್ರ ಭಾರತದ ಸರ್ಕಾರಕ್ಕೆ ಹೆಣ್ಣಿನ ನೆನಪಾದಾಗ ಅಲ್ಯೂಮಿನಿಯಮ್ ಕೈಗೆ ಬಂತು! 1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಅಂಚು ಅಲೆಅಲೆಯಾದ ಹತ್ತು ಪೈಸೆಯ ಮೇಲೆ ‘ಸಮಾನತೆ, ವಿಕಾಸ, ಶಾಂತಿ’ ಎಂದು ಅಚ್ಚು ಹಾಕಿದರು. 1980ರಲ್ಲಿ ಗ್ರಾಮೀಣ ಮಹಿಳೆಯರ ಪ್ರಗತಿಗೆಂದು ಮತ್ತೆ ಹತ್ತು ಪೈಸೆ, ಇಪ್ಪತ್ತೈದು ಪೈಸೆ ಬಂದವು. ಸಂಗ್ರಹಕಾರರಿಗೆ ದೊಡ್ಡ ಬೆಲೆಯವೂ ಇದ್ದವು ಅನ್ನಿ. ನಮ್ಮ ಸಂತೆಯ ಚೀಲಕ್ಕೆ ಬಂದದ್ದು ಮಾತ್ರ ಇವೇ. 2011ರ ಜೂನ್ ಕೊನೆಗೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳೆಲ್ಲ ಚಲಾವಣೆಯಿಂದ ಹೋದವು. ಸಮಾನತೆಯ ನಾಣ್ಯವೂ ಅದರ ಜೊತೆಗೇ ಹೋಯಿತು.

ಮುಂದೆ ಹೆಸರು ಮುಖಗಳೂ ಬಂದವು. 1985ರಲ್ಲಿ ಇಂದಿರಾ ಗಾಂಧಿ, 2010ರಲ್ಲಿ ಮದರ್ ತೆರೇಸಾ. 2015ರಲ್ಲಿ ನಾಗಾ ಸೀಮೆಯ ರಾಣಿ ಗೈದಿನ್ಲ್ಯೂ. ಹದಿನಾರರ ಹರೆಯದಲ್ಲಿ ಸೆರೆಮನೆ ಸೇರಿ ಸ್ವಾತಂತ್ರ್ಯ ಬಂದ ಮೇಲೆ ಹೊರಬಂದವಳು. 2025ರಲ್ಲಿ ಅಹಿಲ್ಯಾಬಾಯಿ ಹೋಳ್ಕರಳ ಮುನ್ನೂರನೆಯ ಜಯಂತಿಗೆ ಮುನ್ನೂರು ರೂಪಾಯಿಯ ನಾಣ್ಯ. ಇಂಥ ದೊಡ್ಡ ನಾಣ್ಯ ಪೆಟ್ಟಿಗೆಯಲ್ಲಿಟ್ಟು ನೋಡುವಂಥದ್ದು, ಖಡೇಬಜಾರಿನಲ್ಲಿ ಕೊತ್ತಂಬರಿ ಕೊಳ್ಳಲು ಬಾರದು.

ನಮ್ಮ ಚೆನ್ನಮ್ಮನ ಮಾತಿಗೆ ಬರೋಣ. 1977ರಲ್ಲಿ ಆಕೆಯ ಅಂಚೆಚೀಟಿ ಬಂತು, 2007ರಲ್ಲಿ ಪಾರ್ಲಿಮೆಂಟಿನ ಆವರಣದಲ್ಲಿ ಮೂರ್ತಿ ನಿಂತಿತು. ಬೆಳಗಾವಿಯ ಚೆನ್ನಮ್ಮ ವೃತ್ತದಲ್ಲಿ ಆಕೆಯ ಕತ್ತಿಯನ್ನು ಎಲ್ಲರೂ ನೋಡುತ್ತಾರೆ. ಆದರೆ 1824ರ ಆ ಜಗಳ ಹುಟ್ಟಿದ್ದು ಯಾತಕ್ಕೆ? ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮೊಹರು ಹಾಕಿಸಿ ಕಾವಲು ಕೂಡಿಸಿದ. ಒಬ್ಬ ವಿಧವೆಯ ಮನೆಯ ವಾರಸುದಾರ ಯಾರು, ಆಕೆಯ ತಿಜೋರಿಯ ಕೀಲಿ ಯಾರ ಕೈಯಲ್ಲಿರಬೇಕು ಎಂಬುದನ್ನು ಹೊರಗಿನ ಗಂಡಸೊಬ್ಬ ತೀರ್ಮಾನಿಸಿದ. ಕತ್ತಿ ಆಮೇಲೆ ಬಂತು. ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಕತ್ತಿ ದೂರದ್ದು. ಆ ಕೀಲಿ ಮಾತ್ರ ತೀರಾ ಹತ್ತಿರದ್ದು.

ಇನ್ನೊಬ್ಬಳು ಉಮಾಬಾಯಿ ಕುಂದಾಪುರ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಹಿಂದಿನ ವರ್ಷವಷ್ಟೇ ಗಂಡನನ್ನು ಕಳೆದುಕೊಂಡಿದ್ದ ಉಮಾಬಾಯಿ ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಹೊಸ್ತಿಲು ದಾಟಲು ಅಪ್ಪಣೆ ಬೇಕಾಗಿದ್ದ ಕಾಲದಲ್ಲಿ ನೂರೈವತ್ತು ಮನೆಗಳ ಅಪ್ಪಣೆ! 1932ರಲ್ಲಿ ಯರವಡಾ ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ತಾಮ್ರಪಟ, ಪಿಂಚಣಿ ಕೊಡಬಂದಾಗ ಬೇಡವೆಂದರು. 1992ರಲ್ಲಿ ತೀರಿಕೊಳ್ಳುವ ತನಕ ಹುಬ್ಬಳ್ಳಿಯ ಸಣ್ಣ ಮನೆಯಲ್ಲಿ ಬಾಳಿದರು. ಲೋಹದ ಗೌರವ ಬೇಡವೆನ್ನಲು ಒಂದು ಶ್ರೀಮಂತಿಕೆ ಬೇಕು. ಅವರು ಬೇಡವೆಂದರು ಎಂದು ನಾವು ಮರೆಯಬೇಕೆಂದೇನೂ ಇಲ್ಲ.

ಖಾನಾಪುರದ ಮಣ್ಣು ಹೆಸರಾದದ್ದು. ಹಂಚು, ಗಡಿಗೆ, ಕುಂಬಾರಿಕೆ ಕಲಿಸುವ ಸಂಸ್ಥೆ ಎಲ್ಲ ಅಲ್ಲುಂಟು. ಮೇಲೆ ಸೀಳಿದ ಮಣ್ಣಿನ ಗಲ್ಲಾ ಕೊಂಡು ಚಿಲ್ಲರೆ ತುಂಬುವುದು ಅಲ್ಲಿಯ ಹೆಂಗಸರ ಹಳೆಯ ರೂಢಿ. ಅದನ್ನು ಒಡೆದಾಗ ಮಗನ ಫೀ ಆಯಿತು, ಗಂಡನ ಔಷಧ ಆಯಿತು. ತನಗೆಂದು ಒಂದು ಬಳೆ ಆದದ್ದು ಅಪರೂಪ.

ಇನ್ನೊಂದು ನಾಣ್ಯವಿದೆ. ತವರಿನಲ್ಲಿ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಷಿಣಬೇರು, ಎಲೆ ಅಡಿಕೆಗಳ ಜೊತೆಗೆ ಇಡುವ ನಾಣ್ಯ. ಅದರ ಬೆಲೆ ಎಣಿಸಬಾರದು, ಅದು ತವರಿನ ಮಮತೆ. ಕೆಲವು ಮನೆಗಳಲ್ಲಿ ಉಡಿ ತುಂಬಿದ ಮಧ್ಯಾಹ್ನವೇ ಒಂದು ಕಾಗದವೂ ಮುಂದೆ ಬರುತ್ತದೆ: ಹಕ್ಕು ಬಿಟ್ಟ ಪತ್ರ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಇಷ್ಟು ದೂರ ನಡೆದು ಬಂದಿದೆ. ನಡುಮನೆಯಲ್ಲಿ ಪೆನ್ನು ಹಿಡಿದ ಕೈ ಮಾತ್ರ ಅಣ್ಣನ ಮುಖ ನೋಡುತ್ತದೆ.

ನನ್ನ ದೊಡ್ಡವ್ವನ ಮಗಳು ಹಾಗೆ ನೋಡಿದವಳೇ. ಆದರೆ ಪೆನ್ನು ಕೆಳಗಿಟ್ಟಳು. “ಉಡಿ ತುಂಬ್ರಿ, ಕಣ್ಣಿಗೊತ್ತಿ ತುಂಬಿಸ್ಕೋತೀನಿ. ಸಹಿ ಬ್ಯಾರೆ ಮಾತು, ಅದನ್ನ ಓದಿಸಿ ಕೇಳಿ ಹೇಳ್ತೀನಿ” ಎಂದಳು. ದನಿ ಏರಿಸಲಿಲ್ಲ. ಮುಂದೆ ಎರಡು ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲ. ಆ ಎರಡೂ ಹಬ್ಬ ಆಕೆ ಅಡಿಗೆಮನೆಯಲ್ಲಿ ಉಂಡಿ ಕಟ್ಟುತ್ತಾ ಕಣ್ಣೊರೆಸಿಕೊಂಡದ್ದನ್ನು ನಾನು ಬಲ್ಲೆ. ಹಕ್ಕು ಪುಕ್ಕಟೆ ಬರುವುದಿಲ್ಲ; ಅದಕ್ಕೆ ತೆರುವ ಬೆಲೆ ಯಾವ ಟಂಕಸಾಲೆಯ ನಾಣ್ಯದಲ್ಲೂ ಅಲ್ಲ. ಮೂರನೆಯ ವರ್ಷ ಅತ್ತಿಗೆಯೇ ಫೋನು ಮಾಡಿ, “ಬಾ ವೈನಿ, ನನ್ನ ತವರಿನ್ಯಾಗೂ ಇದ ಮಾತ ನಡದೈತಿ” ಎಂದಳಂತೆ.

ಈಗ ಆ ಹೊಲದ ಪಹಣಿಯಲ್ಲಿ ಅಣ್ಣನ ಹೆಸರಿನ ಕೆಳಗೆ ಆಕೆಯ ಹೆಸರೂ ಇದೆ.