ನೆಲವನ್ನೇ ಸಾಕ್ಷಿ ಕರೆದ ಬೈಲಕುಪ್ಪೆಯ ಬುದ್ಧ

ಬೆಂಗಳೂರಿನ ಕುರುಬರಹಳ್ಳಿಯ ಸುತ್ತಮುತ್ತ ವಾಸಿಸುವವರಿಗೆ ದೊಡ್ಡ ಮೂರ್ತಿಗಳು ಹೊಸತಲ್ಲ. ಪಕ್ಕದ ಮಹಾಲಕ್ಷ್ಮಿ ಬಡಾವಣೆಯ ಗುಡ್ಡದ ಮೇಲೆ ಬಂಡೆಯಲ್ಲಿ ಮೂಡಿರುವ ಪ್ರಸನ್ನ ವೀರಾಂಜನೇಯನನ್ನು ಶನಿವಾರ ಬಂತೆಂದರೆ ಕತ್ತೆತ್ತಿ ನೋಡಿ ಕೈಮುಗಿಯುವವರು ನಾವು. ಪರೀಕ್ಷೆಯ ಕಾಲದಲ್ಲಂತೂ ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು ಹಣೆಗೆ ಕುಂಕುಮ ಹಚ್ಚಿಕೊಂಡು ಹೊರಡುವ ಮಕ್ಕಳನ್ನು ಪ್ರತಿವರ್ಷ ಕಾಣುತ್ತೇವೆ. ಇದೇ ಅಭ್ಯಾಸದಿಂದ ಬೈಲಕುಪ್ಪೆಯ ಸುವರ್ಣ ಮಂದಿರಕ್ಕೆ ಹೋದವರೂ ಮೊದಲು ಕತ್ತೆತ್ತಿಯೇ ನೋಡುತ್ತಾರೆ. ಆದರೆ ಸ್ವಲ್ಪ ಹೊತ್ತು ಕುಳಿತು ನೋಡಿದರೆ, ಅಲ್ಲಿನ ಬುದ್ಧ ನಮ್ಮ ದೃಷ್ಟಿಯನ್ನು ಮೆಲ್ಲಗೆ ಕೆಳಗಿಳಿಸಿ ನೆಲದತ್ತ ತಿರುಗಿಸುತ್ತಾನೆ. ಅದು ಹೇಗೆಂಬುದನ್ನು ವಿದ್ಯಾರ್ಥಿಗಳ ಮತ್ತು ಅವರ ತಂದೆತಾಯಂದಿರ ಗಮನಕ್ಕೆ ತರುವುದೇ ಈ ಬರಹದ ಉದ್ದೇಶ.

ಬೈಲಕುಪ್ಪೆ ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕೊಡಗಿನ ಗಡಿಗೆ ಅಂಟಿಕೊಂಡಂತೆ. ಕುರುಬರಹಳ್ಳಿಯಿಂದ ಸಿಟಿ ಬಸ್ಸಿನಲ್ಲಿ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಬಂದರೆ ಮಡಿಕೇರಿಗೆ ಹೋಗುವ ಬಸ್ಸುಗಳು ಸಿಗುತ್ತವೆ. ಮೈಸೂರು, ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರ ತಲಪುವಷ್ಟರಲ್ಲಿ ಸುಮಾರು 220 ಕಿಲೋಮೀಟರ್ ಪ್ರಯಾಣ ಆಗಿರುತ್ತದೆ. ಹುಣಸೂರಿನ ಆಚೆ ತಂಬಾಕು ಮತ್ತು ಮುಸುಕಿನ ಜೋಳದ ಹೊಲಗಳು ಆರಂಭವಾಗುತ್ತವೆ. ಇನ್ನೂ ಮುಂದೆ ಹೋದಂತೆ ಹೊಲಗಳ ನಡುವೆ ಕಂಬಗಳಿಗೆ ಕಟ್ಟಿದ ಬಣ್ಣಬಣ್ಣದ ಬಟ್ಟೆಯ ಪತಾಕೆಗಳು ಗಾಳಿಗೆ ಹಾರಾಡುತ್ತಿರುವುದು ಕಾಣುತ್ತದೆ. ಅವುಗಳ ಮೇಲೆ ಪ್ರಾರ್ಥನೆಯ ಮಂತ್ರಗಳನ್ನು ಅಚ್ಚು ಹಾಕಿರುತ್ತಾರೆ. ಅಲ್ಲಿಂದ ಮುಂದೆ ಟಿಬೆಟನ್ನರ ಊರು.

ಈ ಊರಿನ ಕಥೆಯನ್ನು ತಿಳಿಯದೆ ಮೂರ್ತಿಯನ್ನು ನೋಡಿದರೆ ಅರ್ಧ ನೋಡಿದಂತೆಯೇ ಸರಿ. 1959ರ ಮಾರ್ಚ್ ತಿಂಗಳಿನಲ್ಲಿ ದಲೈ ಲಾಮಾ ಅವರು ಟಿಬೆಟನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯವನ್ನು ದಾಟಿ ಬಂದರು. ಹಿಮದ ನಾಡಿನ ಈ ಜನಕ್ಕೆ ನೆಲೆ ಎಲ್ಲಿ ಎಂಬ ಪ್ರಶ್ನೆ ಎದ್ದಾಗ ಅಂದಿನ ಮೈಸೂರು ರಾಜ್ಯ ಮುಂದೆ ಬಂದಿತು. ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಅರಣ್ಯ ಭೂಮಿ ಅವರಿಗೆ ದೊರೆಯಿತು. ಈ ವಿಷಯದಲ್ಲಿ ಎಸ್. ನಿಜಲಿಂಗಪ್ಪನವರು ತೋರಿದ ಔದಾರ್ಯವನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. 1960ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದವರು ಡೇರೆಗಳಲ್ಲಿ ವಾಸ ಮಾಡಿ, ಕಾಡು ಕಡಿದು, ಆನೆಗಳ ಕಾಟವನ್ನೂ ಒಗ್ಗದ ಸೆಕೆಯನ್ನೂ ಸಹಿಸಿ ಹೊಲ ಮಾಡಿದರು. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಸ್ವೆಟರ್ ಮಾರಲು ಬರುವ ಟಿಬೆಟನ್ನರಲ್ಲಿ ಎಷ್ಟೋ ಜನ ಆ ಮೊದಲ ತಲೆಮಾರಿನವರ ಮಕ್ಕಳು, ಮೊಮ್ಮಕ್ಕಳು.

ಹಾಗೆ ಬಂದವರಲ್ಲಿ ಒಬ್ಬರು ಪೆನೋರ್ ರಿಂಪೋಚೆ. ಟಿಬೆಟಿನ ಪಲ್ಯುಲ್ ಪರಂಪರೆಯ ಗುರುಗಳು. ಅವರೊಡನೆ ಹೊರಟ ಸುಮಾರು 300 ಜನರಲ್ಲಿ ಭಾರತದ ಗಡಿಯನ್ನು ತಲಪಿದವರು ಸುಮಾರು 30 ಜನ ಮಾತ್ರ. 1963ರಲ್ಲಿ ಅವರು ಬೈಲಕುಪ್ಪೆಯಲ್ಲಿ ನಾಮ್‌ಡ್ರೋಲಿಂಗ್ ಮಠವನ್ನು ಆರಂಭಿಸಿದಾಗ ಕೈಯಲ್ಲಿದ್ದದ್ದು 300 ರೂಪಾಯಿ ಎಂದು ಮಠದ ಇತಿಹಾಸ ಹೇಳುತ್ತದೆ. ಮೊದಲ ಗುಡಿ ಬಿದಿರಿನದು, ವಿಸ್ತೀರ್ಣ ಸುಮಾರು 80 ಚದರ ಅಡಿ. ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ನಮ್ಮ ಕುರುಬರಹಳ್ಳಿಯ ವಠಾರಗಳಲ್ಲಿ ಬಾಡಿಗೆಗೆ ಸಿಗುವ ಕೋಣೆಗಳು ಇದಕ್ಕಿಂತ ದೊಡ್ಡವು. ಮುಂದೆ ಕಟ್ಟಡದ ಕೆಲಸ ನಡೆದಾಗ ಗುರುಗಳೇ ಕೆಲಸಗಾರರ ಜೊತೆ ನಿಂತು ಕಲ್ಲು, ಮರಳು, ಇಟ್ಟಿಗೆ ಹೊತ್ತರು. ಇಂದು ನಾವು ನೋಡುವ ಸುವರ್ಣ ಮಂದಿರ 1999ರಲ್ಲಿ ಉದ್ಘಾಟನೆಯಾಯಿತು. 2009ರಲ್ಲಿ ರಿಂಪೋಚೆಯವರು ಇದೇ ಮಠದಲ್ಲಿ ದೇಹ ಬಿಟ್ಟರು. ಬಿದಿರಿನ ಗುಡಿಯಿಂದ ಬಂಗಾರದ ಮೂರ್ತಿಯವರೆಗೆ 36 ವರ್ಷ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಳಗೆ ಹೋಗಬೇಕು.

ಚಪ್ಪಲಿ ಕಳಚಿ ಮಂದಿರದೊಳಗೆ ಕಾಲಿಟ್ಟರೆ ಎದುರಿಗೆ ಮೂರು ಮಹಾಮೂರ್ತಿಗಳು. ನಡುವೆ ಶಾಕ್ಯಮುನಿ ಬುದ್ಧ. ಇಬ್ಬದಿಗಳಲ್ಲಿ ಎಂಟನೆಯ ಶತಮಾನದಲ್ಲಿ ಟಿಬೆಟಿಗೆ ಬೌದ್ಧಧರ್ಮವನ್ನು ಕೊಂಡೊಯ್ದ ಗುರು ಪದ್ಮಸಂಭವ ಮತ್ತು ದೀರ್ಘಾಯುಷ್ಯದ ಬುದ್ಧನೆಂದು ಪೂಜೆಗೊಳ್ಳುವ ಅಮಿತಾಯುಸ್. ಪ್ರತಿಯೊಂದೂ ನಮ್ಮ ಕಡೆಯ ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರ. ಗೋಡೆಗಳ ತುಂಬ ಕೆಂಪು, ನೀಲಿ, ಹಸಿರು ಬಣ್ಣದ ಚಿತ್ರಗಳು. ಭಿಕ್ಷುಗಳ ಪ್ರಾರ್ಥನೆಯ ವೇಳೆಯಲ್ಲಿ ಹೋದವರಿಗೆ ಉದ್ದನೆಯ ಕಹಳೆಗಳ, ದೊಡ್ಡ ನಗಾರಿಗಳ ಸದ್ದು ಎದೆಯೊಳಗೇ ಮೊಳಗಿದಂತೆ ಕೇಳಿಸುತ್ತದೆ. ಆಮೇಲೆ ಬರುವ ಮೌನ ಇನ್ನೂ ದೊಡ್ಡದು.

“ಇದೆಲ್ಲಾ ಚಿನ್ನಾನಾ ಸಾರ್?” ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು. ದೊಡ್ಡವರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ಮೆಲ್ಲಗೆ. ಮೂರ್ತಿಗಳು ತಾಮ್ರದವು, ಚಿನ್ನ ಮೇಲಿನ ಲೇಪ. ತಾಮ್ರ ಗಾಳಿ ಮತ್ತು ತೇವಕ್ಕೆ ಸಿಕ್ಕಿದರೆ ಕಪ್ಪಾಗುತ್ತದೆ, ಕ್ರಮೇಣ ಹಸಿರು ಕಿಲುಬು ಹಿಡಿಯುತ್ತದೆ. ಅದಕ್ಕೇ ನಮ್ಮ ಮನೆಗಳಲ್ಲಿ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜುವುದು. ಚಿನ್ನಕ್ಕೆ ಆ ತೊಂದರೆ ಇಲ್ಲ. ಅದು ಆಮ್ಲಜನಕದೊಡನೆ ಸುಲಭವಾಗಿ ಸೇರುವುದಿಲ್ಲ. ಜೊತೆಗೆ ಅದು ಎಷ್ಟು ಮೃದುವೆಂದರೆ ಒಂದು ಗ್ರಾಂ ಚಿನ್ನವನ್ನು ಬಡಿದು ಸುಮಾರು ಒಂದು ಚದರ ಮೀಟರ್ ಅಗಲದ ರೇಕು ಮಾಡಬಹುದು. ಆಗ ಅದರ ದಪ್ಪ ಒಂದು ಮಿಲಿಮೀಟರಿನ ಸುಮಾರು 20 ಸಾವಿರದಲ್ಲಿ ಒಂದು ಪಾಲು. ನಮ್ಮ ಕಣ್ಣು ಕುಕ್ಕುವ ಹೊಳಪಿಗೆ ಇಂಥ ತೆಳುವಾದ ಪದರವೇ ಸಾಕು. ಇನ್ನು ಮೂರ್ತಿಗಳ ಒಳಗಿರುವುದು ಧರ್ಮಗ್ರಂಥಗಳು, ಹಿಂದಿನ ಮಹಾಪುರುಷರ ಅವಶೇಷಗಳು, ಮಣ್ಣಿನ ಚಿಕ್ಕ ಚಿಕ್ಕ ಸ್ತೂಪಗಳು. ಹೊರಗೆ ಕಾಣುವ ಬಂಗಾರಕ್ಕಿಂತ ಒಳಗಿರುವ, ಯಾರಿಗೂ ಕಾಣದ ಪುಸ್ತಕ ಮತ್ತು ಮಣ್ಣಿಗೇ ಅವರು ಹೆಚ್ಚು ಬೆಲೆ ಕೊಡುತ್ತಾರೆ. ಇದನ್ನು ಹೇಳಿದಾಗ ತರಗತಿಯಲ್ಲಿ ಎಂದೂ ಸುಮ್ಮನಿರದ ಮಕ್ಕಳೂ ಒಂದು ಕ್ಷಣ ಸುಮ್ಮನಾದದ್ದನ್ನು ನಾನು ಕಂಡಿದ್ದೇನೆ.

ನಡುವಿನ ಬುದ್ಧನ ಬಲಗೈಯನ್ನು ಗಮನಿಸಬೇಕು. ಅದು ಆಶೀರ್ವಾದ ಮಾಡುತ್ತಿಲ್ಲ. ಮೊಣಕಾಲಿನ ಮೇಲಿಂದ ಕೆಳಗಿಳಿದು ಬೆರಳುಗಳು ನೆಲವನ್ನು ಮುಟ್ಟುತ್ತಿವೆ. ಇದಕ್ಕೆ ಭೂಮಿಸ್ಪರ್ಶ ಮುದ್ರೆ ಎಂದು ಹೆಸರು. ಬೋಧಗಯೆಯಲ್ಲಿ ಅರಳಿಮರದ ಕೆಳಗೆ ಸಿದ್ಧಾರ್ಥ ಧ್ಯಾನಕ್ಕೆ ಕುಳಿತಾಗ ಮಾರ ಬಂದು ಹೆದರಿಸಿದ, ಆಸೆ ತೋರಿಸಿದ. ಯಾವುದಕ್ಕೂ ಆತ ಬಗ್ಗದಿದ್ದಾಗ ಕೊನೆಗೆ, ಈ ಪೀಠದಲ್ಲಿ ಕೂರುವ ಯೋಗ್ಯತೆ ನಿನಗಿದೆ ಎನ್ನುವುದಕ್ಕೆ ಸಾಕ್ಷಿ ಯಾರು ಎಂದು ಕೇಳಿದ. ಮಾರನ ಕಡೆಗೆ ಸಾಕ್ಷಿ ಹೇಳಲು ದೊಡ್ಡ ಸೈನ್ಯವೇ ಇತ್ತು. ಸಿದ್ಧಾರ್ಥನ ಕಡೆಗೆ ಒಬ್ಬರೂ ಇರಲಿಲ್ಲ. ಆತ ವಾದಕ್ಕಿಳಿಯಲಿಲ್ಲ, ಬಲಗೈಯನ್ನು ಚಾಚಿ ಭೂಮಿಯನ್ನು ಮುಟ್ಟಿದ ಅಷ್ಟೆ. ತಾನು ನಡೆದ ದಾರಿ, ಪಟ್ಟ ಶ್ರಮ ಎಲ್ಲವನ್ನೂ ಈ ನೆಲ ಕಂಡಿದೆ ಎಂಬುದು ಅದರ ಅರ್ಥ.

ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಸಾಕ್ಷಿ ಎಂಬ ಮಾತು. ಪ್ರಯೋಗಾಲಯದಲ್ಲಿ ನಾವು ಮಕ್ಕಳಿಗೆ ಹೇಳುವುದೂ ಅದನ್ನೇ. ಉತ್ತರ ತಪ್ಪಿದರೂ ಚಿಂತೆಯಿಲ್ಲ, ನೀನು ಮಾಡಿದ್ದನ್ನು, ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿರು. ಪರೀಕ್ಷೆಯ ಅಂಕಪಟ್ಟಿ ಒಂದು ಸಾಕ್ಷಿ, ನಿಜ. ಆದರೆ ಅದೊಂದೇ ಸಾಕ್ಷಿಯೆಂದು ನಂಬಿದಾಗ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ಮೇಷ್ಟ್ರುಗಳಾದ ನಾವು ಪ್ರತಿವರ್ಷ ನೋಡುತ್ತೇವೆ. ಫಲಿತಾಂಶದ ದಿನ ಮನೆ ಬಿಟ್ಟು ಹೋಗುವ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅದಕ್ಕಿಂತ ಘೋರವಾದದ್ದೂ ಬರುತ್ತದೆ.

ಒಂದು ಡಿಸೆಂಬರಿನಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಇಲ್ಲಿಗೆ ಕರೆದೊಯ್ದಾಗ ಕೆಲವರು ಪೋಷಕರೂ ಜೊತೆಗೆ ಬಂದಿದ್ದರು. ಅವರಲ್ಲಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ತಂದೆಯೊಬ್ಬರು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಮಗನಿಗೆ ಬಂದದ್ದು 31 ಅಂಕ. ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟು, ಮಗ ಕೊನೆಯ ಸೀಟು. ದಾರಿಯುದ್ದಕ್ಕೂ ಇಬ್ಬರಿಗೂ ಮಾತಿಲ್ಲ. ಮಂದಿರದಲ್ಲಿ ಭೂಮಿಸ್ಪರ್ಶದ ಕಥೆ ಹೇಳಿ ಮುಗಿಸಿದ ಮೇಲೆ ಮಕ್ಕಳೆಲ್ಲ ಚೆದುರಿದರು. ಈ ಹುಡುಗ ಮಾತ್ರ ಕಂಬದ ಬಳಿ ಚಕ್ಕಳಮಕ್ಕಳ ಹಾಕಿ ಕುಳಿತು, ಬುದ್ಧನ ಹಾಗೆಯೇ ಬಲಗೈ ಬೆರಳನ್ನು ನೆಲಕ್ಕೆ ತಾಗಿಸಿಕೊಂಡಿದ್ದ. ತಂದೆ ಹತ್ತಿರ ಹೋಗಿ, “ಏನೋ ಮಾಡ್ತಾ ಇದ್ದೀಯ?” ಎಂದರು.

“ಸಾಕ್ಷಿ ಕರೀತಾ ಇದ್ದೀನಪ್ಪ.”

“ಯಾತಕ್ಕೆ?”

“ನಾನು ಓದಿದ್ದಕ್ಕೆ.”

ತಂದೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅವನ ಪಕ್ಕದಲ್ಲೇ ಕುಳಿತು, “ಸೆಕೆಂಡ್ ಶಿಫ್ಟ್ ಮುಗಿಸ್ಕೊಂಡು ಬಂದಾಗಲೆಲ್ಲ ನಿನ್ನ ರೂಮಿನಲ್ಲಿ ಲೈಟ್ ಉರೀತಾ ಇರ್ತಿತ್ತು ಕಣೋ. ನಾನೂ ನೋಡಿದೀನಿ” ಎಂದರು. ಸ್ವಲ್ಪ ದೂರದಲ್ಲಿದ್ದ ನನಗೆ ಕೇಳಿಸಿದ್ದು ಇಷ್ಟೇ. ವಾಪಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿದ್ದರು. ಆ ಹುಡುಗನಿಗೆ ಮುಂದೆ ಎಷ್ಟು ಅಂಕ ಬಂತು ಎಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ಮಗುವಿನ ಶ್ರಮಕ್ಕೆ ಮೊದಲ ಸಾಕ್ಷಿಯಾಗಬೇಕಾದವರು ಮನೆಯವರು ಎಂಬುದನ್ನು ಅಂದು ಆ ತಂದೆಯಿಂದ ನಾವೆಲ್ಲ ಕಲಿತೆವು.

ಇಲ್ಲಿನ ಓದಿನ ಕ್ರಮವನ್ನೂ ವಿದ್ಯಾರ್ಥಿಗಳು ತಿಳಿಯಬೇಕು. ನಾಮ್‌ಡ್ರೋಲಿಂಗ್‌ನಲ್ಲಿ 1978ರಲ್ಲಿ ಸ್ಥಾಪನೆಯಾದ ಉನ್ನತ ಅಧ್ಯಯನ ಕೇಂದ್ರವಿದೆ. ಅಲ್ಲಿನ ಪೂರ್ಣ ವ್ಯಾಸಂಗಕ್ಕೆ ಒಂಬತ್ತು ವರ್ಷ ಬೇಕು. ಟಿಬೆಟನ್ ಮಠಗಳ ಓದಿನಲ್ಲಿ ಚರ್ಚೆಗೆ ಬಹಳ ಮಹತ್ವ. ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನೆ ಕೇಳುವವನು ನಿಂತು ಜೋರಾಗಿ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಉತ್ತರ ತಪ್ಪಿದರೆ ಸುತ್ತಲಿನವರು ನಗುವುದೂ ಉಂಟು. ಸೋತವನು ಮರುದಿನ ಮತ್ತೆ ಬಂದು ಕೂರುತ್ತಾನೆ. ಕೇಳಿದ್ದನ್ನು, ಗ್ರಂಥದಲ್ಲಿದ್ದದ್ದನ್ನು, ಗುರು ಹೇಳಿದ್ದನ್ನು ಕೂಡ ಪರೀಕ್ಷಿಸದೆ ಒಪ್ಪಬೇಡಿ ಎಂದು ಬುದ್ಧ ಕಾಲಾಮರಿಗೆ ಬೋಧಿಸಿದ ಎಂಬುದು ಪ್ರಸಿದ್ಧ. ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಬೇರೆ ಉಪದೇಶ ಬೇಕೆ?

ಬುದ್ಧ ನಮ್ಮ ನೆಲಕ್ಕೆ ಟಿಬೆಟಿನಿಂದ ಹೊಸದಾಗಿ ಬಂದವನೆಂದು ತಿಳಿಯಬಾರದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿದ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾ ನದಿಯ ದಡದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪವೇ ಹೆಸರಿನ ಸಮೇತ ದೊರೆತಿದೆ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಸಾವಿರ ವರ್ಷ ದಾಟಿ ಇಂದಿಗೂ ಇದೆ. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಇದೆ. ಬೈಲಕುಪ್ಪೆಗೆ ಹೋಗಲು ಬಿಡುವಾಗದ ಕುರುಬರಹಳ್ಳಿಯವರು ಮೆಜೆಸ್ಟಿಕ್‌ನಲ್ಲಿ ಇಳಿದು ನಡೆದೇ ಅಲ್ಲಿಗೆ ಹೋಗಿಬರಬಹುದು. ಬುದ್ಧನನ್ನು ಬಹಳ ಹಿಂದೆಯೇ ಕಂಡಿದ್ದ ಈ ನೆಲ, ನಾಡು ಕಳೆದುಕೊಂಡು ಬಂದ ಜನಕ್ಕೆ ಜಾಗ ಕೊಟ್ಟಿತು. ಅವರು ಆ ನೆಲದ ಮೇಲೆ, ನೆಲವನ್ನೇ ಮುಟ್ಟಿ ಕುಳಿತ ಬುದ್ಧನನ್ನು ನಿಲ್ಲಿಸಿದರು.

ಹೋಗುವವರಿಗೆ ಒಂದೆರಡು ಮಾತು. ಕುಶಾಲನಗರದಿಂದ ಮಂದಿರಕ್ಕೆ ಆಟೋ ಸಿಗುತ್ತದೆ. ಪ್ರವೇಶಕ್ಕೆ ಹಣವಿಲ್ಲ. ಪ್ರಾರ್ಥನಾ ಚಕ್ರಗಳನ್ನು ನಮ್ಮ ದೇವಸ್ಥಾನದ ಪ್ರದಕ್ಷಿಣೆಯಂತೆ ಬಲಕ್ಕೇ ತಿರುಗಿಸಬೇಕು. ಒಳಗೆ ಗಲಾಟೆ ಮಾಡಬಾರದು, ಭಿಕ್ಷುಗಳು ಪ್ರಾರ್ಥನೆಯಲ್ಲಿರುವಾಗ ನಡುವೆ ಓಡಾಡಬಾರದು. ಫೋಟೋ ತೆಗೆದದ್ದೇ ತಡ ಹೊರಗೆ ಬಂದು ಮೊಮೊ ಅಂಗಡಿಗೆ ಓಡುವವರೇ ಹೆಚ್ಚು. ಮೊಮೊ ಆಮೇಲೂ ತಿನ್ನಬಹುದು. ಮೊದಲು ಹದಿನೈದು ನಿಮಿಷ ತಂದೆತಾಯಿ ಮಕ್ಕಳು ಒಟ್ಟಿಗೆ ನೆಲದ ಮೇಲೆ ಕುಳಿತು ಆ ಬಲಗೈಯನ್ನು ನೋಡಿ. ಈ ವರ್ಷ ನಾನು ನಿಜವಾಗಿ ಏನು ಮಾಡಿದೆ ಎಂದು ಮಕ್ಕಳು ತಮ್ಮನ್ನು ಕೇಳಿಕೊಳ್ಳಲಿ. ಅದನ್ನು ನಾನು ಕಣ್ಣಾರೆ ನೋಡಿದೆನೇ ಎಂದು ದೊಡ್ಡವರು ಕೇಳಿಕೊಳ್ಳಲಿ.